ಮಡಿಲಿಗೆ ಬೆಲ್ಟ್ ಇಲ್ಲ

ಮಸ್ಕತ್ತಿನಿಂದ ರಜೆಗೆ ಬಂದ ಅಳಿಯ ದೊಡ್ಡದೊಂದು ಪೆಟ್ಟಿಗೆ ತಂದಿದ್ದರು. ನನಗೆ ಮಿಕ್ಸಿ ಎಂದುಕೊಂಡೆ. ಕೇಳಲು ನಾಚಿಕೆ. ಬಿಚ್ಚಿದರೆ ಒಳಗೆ ಪುಟ್ಟ ಕುರ್ಚಿ! ಮಗು ಕಾರಿನಲ್ಲಿ ಕೂರುವುದಕ್ಕಂತೆ.

ಮೊಮ್ಮಕ್ಕಳೇ, ಮಗುವಿಗೆ ಕಾರಿನಲ್ಲಿ ಕುರ್ಚಿ ಯಾಕೆ? ಅಜ್ಜಿಗೆ ಮಡಿಲಿಲ್ಲವೇ?

ಕಳೆದ ಭಾನುವಾರ ನೆರೆಮನೆಯವರ ಕಾರಿನಲ್ಲಿ ಬೆಳ್ಳಾರೆಯಿಂದ ಪುತ್ತೂರಿಗೆ, ನನ್ನ ತಂಗಿಯ ಮನೆಗೆ ಹೊರಟೆವು. ಕಾರು ಓಡಿಸುವುದು ಅಳಿಯ. ಮೊಮ್ಮಗಳು ಇಶಾನಿ ಸಿಗುವುದೇ ವರ್ಷಕ್ಕೊಮ್ಮೆ. ರಜೆ ಬೇರೆ ಮುಗಿಯುತ್ತಾ ಬಂದಿತ್ತು. ದಾರಿಯುದ್ದಕ್ಕೂ ಅವಳನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಕೆಂದು ನಾನು ಹಳೆಯ ಮೆತ್ತನೆಯ ಸೀರೆ ಉಟ್ಟಿದ್ದೆ.

"ಅತ್ತೆ, ಬೇಜಾರು ಮಾಡ್ಬೇಡಿ. ಮಗು ಕುರ್ಚಿಯಲ್ಲೇ ಕೂತ್ಕೊಳ್ಲಿ" ಎಂದರು ಅಳಿಯ.

ಅವರೊಡನೆ ವಾದ ಮಾಡಿ ನನಗೆ ಅಭ್ಯಾಸವಿಲ್ಲ. ಮಗಳಿಗೆ ಹೇಳಿದೆ: "ನಿನ್ನನ್ನು ಜೀಪಿನಲ್ಲಿ ಮಡಿಲಲ್ಲೇ ಕೂರಿಸಿ ಕರ್ಕೊಂಡು ಹೋಗಿದ್ದು. ನಿಂಗೆ ಎಂತ ಆಗಿದೆ?"

"ಆಗ ಜೀಪು ಓಡ್ತಿತ್ತಾ ಅಮ್ಮ? ಗುಂಡಿಯಿಂದ ಗುಂಡಿಗೆ ನಡೀತಿತ್ತು! ಇವ್ರು ಮಸ್ಕತ್ತಲ್ಲಿ ಫೇಲಾಗಿ ಫೇಲಾಗಿ ಲೈಸೆನ್ಸ್ ತಗೊಂಡವ್ರು. ಬಿಡುದಿಲ್ಲ. ಸುಮ್ನೆ ಕೂತ್ಕೊ."

(ನಿಮ್ಮ ಅಜ್ಜ ಅದೇ ಜೀಪಿನ ಹಿಂದೆ ಒಂದು ಕಾಲಲ್ಲಿ ನಿಂತು ಸುಳ್ಯಕ್ಕೆ ಹೋಗಿ ಬರುತ್ತಿದ್ದರು. ಅವರು ಬಂದು ಮುಟ್ಟುವವರೆಗೆ ನನಗೆ ಊಟ ಸೇರುತ್ತಿರಲಿಲ್ಲ.)

ಅಳಿಯ ಸೀಟ್ ಕವರಿನ ಅಡಿಯಲ್ಲಿ ಹೂತಿದ್ದ ಬಕಲ್ ಹುಡುಕಿ ತೆಗೆದು ನನಗೂ ಬೆಲ್ಟ್ ಹಾಕಿಸಿದರು. ಕರುವಿಗೆ ಹಗ್ಗ ಹಾಕಿದ ಹಾಗೆ. ನನಗೆ ಒಳಗೊಳಗೇ ಸಿಟ್ಟು. ತಂಗಿಗೆಂದು ತಂದ ಹಲಸಿನ ಹಪ್ಪಳದ ಡಬ್ಬವನ್ನೇ ಮಡಿಲಲ್ಲಿಟ್ಟು ಎರಡೂ ಕೈಯಿಂದ ತಬ್ಬಿ ಕೂತೆ. ಪಕ್ಕದ ಕುರ್ಚಿಯಲ್ಲಿ ಇಶಾನಿ.

ಒಂದು ತಿರುವು. ಎದುರಿನಿಂದ ಬಸ್ಸೊಂದು ಲಾರಿಯನ್ನು ಹಿಂದಿಕ್ಕುತ್ತಾ ನಮ್ಮ ಕಡೆಗೇ ನುಗ್ಗಿತು. ಅಳಿಯ ಬ್ರೇಕ್ ಒತ್ತಿದರು. ಬಸ್ಸು ಹಾರ್ನ್ ಹೊಡೆದು (ನಮಗೇ!) ಹೊರಟುಹೋಯಿತು.

ನನ್ನ ಕೈ ಖಾಲಿ. ಡಬ್ಬ ಮುಂದಿನ ಸೀಟುಗಳ ನಡುವಿನಿಂದ ಹಾರಿ ಡ್ಯಾಶ್‌ಬೋರ್ಡಿಗೆ ಬಡಿದಿತ್ತು. ಕಾರಿನ ತುಂಬ ಹಪ್ಪಳದ ಚೂರು.

"ಅಜ್ಜೀ, ಹಪ್ಪಳ ಹಾರಿತು!" ಇಶಾನಿ ಕುರ್ಚಿಯಲ್ಲೇ ಕೂತು ನಕ್ಕಳು.

ನನಗೆ ನಗು ಬರಲಿಲ್ಲ. ಬಿಗಿಯಾಗಿಯೇ ಹಿಡಿದಿದ್ದೆನಲ್ಲ?

"ಮಸ್ಕತ್ತಲ್ಲಿ ಯಾರಾದ್ರೂ ಹೀಗೆ ನುಗ್ಗಿದ್ರೆ..." ಎಂದ ಅಳಿಯ ಹಿಂದಕ್ಕೆ ತಿರುಗಿ ಮಗುವಿನ ಬೆಲ್ಟ್ ಮುಟ್ಟಿ ನೋಡಿದರು.

ಅಲ್ಲಿಯೂ ಕೆಟ್ಟ ಡ್ರೈವರುಗಳು ಇದ್ದಾರಂತೆ. ಆದರೆ ತಪ್ಪಿಗೆ ದಂಡ ತಪ್ಪುವುದಿಲ್ಲವಂತೆ. ಹಾಗೆಂದು ಅಲ್ಲಿಯವರಿಗೆ ಮಕ್ಕಳ ಮೇಲೆ ಪ್ರೀತಿ ಹೆಚ್ಚು, ನಮಗೆ ಕಡಿಮೆ ಎನ್ನಲಾದೀತೇ? ನಮಗೆ ಪ್ರೀತಿ ಬೇಕಾದಷ್ಟಿದೆ. ಆ ಪ್ರೀತಿಯೇ ಕಾಪಾಡುತ್ತದೆ ಎಂಬ ಧೈರ್ಯವೂ ಇದೆ. ಕಾರಿನ ಮುಂದೆ ನಿಂಬೆಹಣ್ಣು, ಮಗುವಿಗೆ ಮಡಿಲು. ಬೆಲ್ಟಿನ ಬಕಲ್ ಮಾತ್ರ ಸೀಟ್ ಕವರಿನ ಅಡಿಯಲ್ಲಿ!

ತಂಗಿಯ ಮನೆಯ ಜಗಲಿಯಲ್ಲಿ ನಾನು ಕೂತದ್ದೇ ತಡ, ಅಳಿಯ ಮಗುವನ್ನು ತಂದು ತಾವೇ ನನ್ನ ಮಡಿಲಲ್ಲಿ ಕೂರಿಸಿದರು.

"ಇನ್ನು ಎಷ್ಟು ಬೇಕಾದ್ರೂ ಹಿಡ್ಕೊಳ್ಳಿ ಅತ್ತೆ."

ಮೊಮ್ಮಕ್ಕಳೇ, ಅಜ್ಜಿಯ ಮಡಿಲು ಮನೆಯಲ್ಲೇ ಇರುತ್ತದೆ. ಅಲ್ಲಿಯವರೆಗೆ ಬೆಲ್ಟ್ ಹಾಕಿಕೊಂಡು ಬನ್ನಿ.