ಮನೆಯಿಂದ ಮನೆಗೇ ಕೆಲಸಕ್ಕೆ ಹೋಗುತ್ತಿದ್ದ ಖಾಜಾಸಾಬ

ಬೆಳಗ್ಗೆ ಒಂಬತ್ತಕ್ಕೆ ಖಾಜಾಸಾಬ ಚಾಚಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿ, ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ತಮ್ಮ ಮನೆಯ ಮುಂಬಾಗಿಲಲ್ಲಿ ನಿಲ್ಲುತ್ತಿದ್ದರು. "ಬರ್ತೇನಿ, ಬಾಗಲಾ ಹಾಕ್ಕೋ," ಅನ್ನುತ್ತಿದ್ದರು. "ಸಂಜಿಕ ಲಗೂನ ಬರ್ರಿ," ಅಂತ ಅವರ ಹೆಂಡತಿ ಮಾಲನಬಿ ಚಾಚಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಚಾಚಾ ಓಣಿಗಿಳಿದು, ಹಿಟ್ಟಿನ ಗಿರಣಿ ದಾಟಿ, ಬೇವಿನ ಗಿಡದ ಹತ್ತಿರ ಎಡಕ್ಕೆ ಹೊರಳಿ, ಹಿಂದಿನ ಓಣಿಗೆ ಬಂದು, ತಮ್ಮದೇ ಮನೆಯ ಹಿತ್ತಲ ಬಾಗಿಲಿನ ಬೀಗ ತೆಗೆದು ಒಳಗೆ ಹೋಗುತ್ತಿದ್ದರು. ಅಲ್ಲಿಗೆ ಅವರು ಕೆಲಸಕ್ಕೆ ಬಂದಂತೆ. ಇಷ್ಟಕ್ಕೆ ಹಿಡಿಯುತ್ತಿದ್ದದ್ದು ಮೂರು ನಿಮಿಷ. ಒಮ್ಮೊಮ್ಮೆ ಐದು ನಿಮಿಷವಾದರೆ, "ಗಿರಣಿ ಮುಂದ ಭಾಳ ಗರ್ದಿ," ಅಂತ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಹಿತ್ತಲಲ್ಲಿದ್ದದ್ದು ತಗಡಿನ ಒಂದು ಕೋಣೆ. ಅದಕ್ಕೂ ಚಾಚಿಯ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಬಾಗಿಲು. ಒಂಬತ್ತರಿಂದ ಆರರ ತನಕ ಆ ಬಾಗಿಲಿನ ಚಿಲಕ ತೆಗೆಯುವ ಅಧಿಕಾರ ಯಾರಿಗೂ ಇರಲಿಲ್ಲ. ಗೋಡೆಯ ಆಚೆ ಚಾಚಿ ಬಿಸಿ ರೊಟ್ಟಿ ಬಡಿಯುತ್ತಿದ್ದರೆ, ಈಚೆ ಚಾಚಾ ಕ್ಯಾರಿಯರ್ ಬಿಚ್ಚಿ ಬೆಳಗಿನ ತಣ್ಣನೆಯ ರೊಟ್ಟಿ ತಿನ್ನುತ್ತಿದ್ದರು. "ರೊಟ್ಟಿ ವಾಸನಿ ಗ್ವಾಡಿ ದಾಟಿ ಹೋಗತೈತಿ, ನಿಮ್ಮ ಚಾಚಾಗ ಅಷ್ಟ ದಾಟಾಕ ಬರಂಗಿಲ್ಲ," ಅಂತ ಚಾಚಿ ನನ್ನ ಮುಂದೆ ನಗುತ್ತಿದ್ದರು.

ಚಾಚಾ ಸಿಂದಗಿಯಲ್ಲಿ ಬೋರಿನ ಮೋಟಾರು ವೈಂಡಿಂಗ್ ಮಾಡುತ್ತಿದ್ದವರು. ಸುಟ್ಟ ಮೋಟಾರಿನ ಹೊಟ್ಟೆ ಬಗೆದು, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಆರನೇ ಇಯತ್ತೆಗೆ ಸಾಲಿ ಬಿಟ್ಟ ನಾನು ಈ ವಿದ್ಯೆ ಕಲಿತದ್ದು ಅವರ ಹತ್ತಿರವೇ. ಕಲಿತು ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ನನ್ನ ಸ್ವಂತ ಅಂಗಡಿ ಹಾಕಿದೆ. ಜಂಬ ಕೊಚ್ಚುವುದಲ್ಲ, ಇಂಡಿ ತಾಲೂಕಿನ ಕಡೆ ಎಷ್ಟೋ ನಿಂಬೆ ತೋಟಗಳಿಗೆ ಇವತ್ತಿಗೂ ನೀರು ಎತ್ತುತ್ತಿರುವುದು ನಾನು ಸುತ್ತಿದ ಮೋಟಾರುಗಳೇ. ಆಮೇಲೆ ಒಬ್ಬರ ಕೈಕೆಳಗೆ ನಾನು ದುಡಿದವನಲ್ಲ. ಅಂಗಡಿಯ ಗಾದಿಯ ಮೇಲೆ ಕೂತು, ಮನೆಯಲ್ಲೇ ದುಡಿಯುವ ಚಾಚಾರ ಈ ಸುತ್ತಾಟ ನೆನೆದು ನಾನೂ ಎಲ್ಲರಂತೆ ನಕ್ಕವನೇ.

ಈ ಕೆಲಸದ ಜೀವ ಎಣಿಕೆಯಲ್ಲಿದೆ. ಬೋರಿನ ಮೋಟಾರಿಗೆ ತಂತಿಯನ್ನು ಕೈಯಲ್ಲೇ ಸಂದಿನಿಂದ ಸಂದಿಗೆ ಎಳೆಯಬೇಕು. ನಲವತ್ತೆಂಟು ಸುತ್ತು ಅಂದರೆ ನಲವತ್ತೆಂಟೇ. ಒಂದು ಹೆಚ್ಚಾದರೆ ಕೂರುವುದಿಲ್ಲ, ನಾಲ್ಕು ಕಡಿಮೆಯಾದರೆ ಹೊಗೆ. ಆದ್ದರಿಂದ ಚಾಚಾರ ಮನೆಯಲ್ಲಿ ಹಗಲು ಹೊತ್ತು ಯಾರೂ ಸಂಖ್ಯೆ ಉಚ್ಚರಿಸುವಂತಿರಲಿಲ್ಲ. ಚಾಚಿ ಪಕ್ಕದವರಿಗೆ ಸಮಯ ಹೇಳಬೇಕಾದರೆ "ಬಿಸಲ ಗಿರಣಿ ಬಾಗಲಕ ಬಂದೈತಿ" ಅನ್ನುತ್ತಿದ್ದರು. ಯಾರಾದರೂ ಫೋನ್ ನಂಬರು ಕೇಳಿದರೆ ಸಂಜೆ ಬಾ ಅನ್ನುತ್ತಿದ್ದರು. ಮೊಮ್ಮಗಳು ಮಗ್ಗಿ ಕಲಿತದ್ದು ಪೂರಾ ರವಿವಾರಗಳಲ್ಲಿ.

ಹಿಂದಿನ ಓಣಿಯಲ್ಲಿ ಕಾಯಿಪಲ್ಲೆ ಮಾರುವ ನಾಗವ್ವ ಒಂದು ದಿನ "ಬದನಿಕಾಯಿ ಇಪ್ಪತ್ತಕ್ಕ ಕಿಲೋ" ಅಂತ ಕೂಗಿದಳು. ಒಳಗೆ ಮೂವತ್ತು ಮುಗಿಸಿದ್ದ ಚಾಚಾ ಇಪ್ಪತ್ತೊಂದು, ಇಪ್ಪತ್ತೆರಡು ಅಂತ ಮುಂದುವರಿಸಿಬಿಟ್ಟರು. ಹತ್ತು ಸುತ್ತು ಹೆಚ್ಚಾಗಿ ತಂತಿ ಸಂದಿನಿಂದ ಹೊರಗೆ ನಿಂತಿತು. ಕೆಲಸದ ವೇಳೆಯಲ್ಲಿ ಹೊರಗೆ ಬರುವಂತಿಲ್ಲವಲ್ಲ, ಹಾಗಾಗಿ ಆರಕ್ಕೆ ಬೀಗ ಹಾಕಿ, ಓಣಿ ಸುತ್ತಿ ಮನೆಗೆ ಹೋಗಿ, ಮುಖ ತೊಳೆದು, ಚಹಾ ಕುಡಿದು, ಆಮೇಲೆ ನಾಗವ್ವನ ಮನೆಗೆ ಹೋದರು. ಬೈಯಲಿಲ್ಲ. ಮೋಟಾರು ಹೇಗೆ ಸುತ್ತುತ್ತಾರೆ ಅಂತ ಅವಳಿಗೆ ಒಂದು ತಾಸು ಪಾಠ ಹೇಳಿದರು. ಮರುದಿನದಿಂದ ನಾಗವ್ವ ಆ ತಗಡಿನ ಗೋಡೆಯ ಪಕ್ಕ ಬದನೆ, ಹೀರೆ, ಮೆಂತ್ಯೆ ಅಂತ ಹೆಸರು ಮಾತ್ರ ಕೂಗುತ್ತಿದ್ದಳು. ದರ ಬೇಕಾದವರು ಬೇವಿನ ಗಿಡದ ತನಕ ಅವಳ ಬೆನ್ನು ಹತ್ತಿ ಹೋಗಬೇಕು.

ಇಂಡಿಯಿಂದ ಬಂದ ನಿಂಬೆ ತೋಟದ ಒಬ್ಬ ರೈತ ಮಧ್ಯಾಹ್ನ ಮುಂಬಾಗಿಲು ಬಡಿದು ಚಾಚಾರನ್ನು ಕೇಳಿದ. ಚಾಚಿ, "ಕೆಲಸಕ್ಕ ಹೋಗ್ಯಾರ್ರಿ," ಅಂದರು. ಅವನು ಕಟ್ಟೆಯ ಮೇಲೆ ಕೂತ. ಒಳಗಿನಿಂದ ಸುತ್ತಿಗೆಯ ಸದ್ದು, ನಡುವೆ ಚಾಚಾರ ಕೆಮ್ಮು. ಅವನು ಮತ್ತೆ ಬಾಗಿಲು ಬಡಿದು, ಒಳಗೆ ಕೆಮ್ಮುತ್ತಿರುವವರು ಯಾರು ಅಂತ ಕೇಳಿದ. ಅವರೇ, ಕೆಲಸದ ಜಾಗದಲ್ಲಿ ಕೆಮ್ಮುತ್ತಿದ್ದಾರೆ ಅಂದರು ಚಾಚಿ. ಹಿಂದಿನ ಓಣಿಗೆ ಹೋಗಬೇಕಪ್ಪ ಅಂತ ಗಿರಣಿಯವರು ಹೇಳುವ ತನಕ ಪಾಪ ಅವನು ಅಲ್ಲೇ ಇದ್ದ.

ರಜೆಯದಂತೂ ದೊಡ್ಡ ಕಥೆ. ಚಾಚಾಗೆ ರಜೆ ಬೇಕಾದರೆ ಕಾಗದದ ಮೇಲೆ ಅರ್ಜಿ ಬರೆದು ತಗಡಿನ ಕೋಣೆಯ ಮೊಳೆಗೆ ಸಿಕ್ಕಿಸುತ್ತಿದ್ದರು. ಮರುದಿನ ಬಂದು ಅದನ್ನು ತಾವೇ ಓದಿ, ಬಾಕಿ ಕೆಲಸ ನೋಡಿ, ಮಂಜೂರು ಅಥವಾ ನಾಮಂಜೂರು ಬರೆಯುತ್ತಿದ್ದರು. ಮುದ್ದೇಬಿಹಾಳದಲ್ಲಿ ಸ್ವಂತ ತಂಗಿಯ ಮಗಳ ಮದುವೆಗೆ ಹಾಕಿದ ಅರ್ಜಿ ನಾಮಂಜೂರಾಯಿತು. ಸುಗ್ಗಿಯ ಹೊತ್ತು, ಮೋಟಾರು ಸಾಲಾಗಿ ಬಿದ್ದಿದ್ದವು. ಚಾಚಿ ಒಬ್ಬರೇ ಮದುವೆಗೆ ಹೋಗಿ, ಅವರಿಗೆ ರಜೆ ಸಿಗಲಿಲ್ಲ ಅಂದರು. ಬೀಗರೆಲ್ಲ ಸೇರಿ ಆ ಕಟುಕ ಮಾಲಕನಿಗೆ ಹಿಡಿ ಶಾಪ ಹಾಕಿದರಂತೆ. ಚಾಚಿ ತಿರುಗಿ ಬಂದು ಅಷ್ಟೂ ಶಾಪ ಒಪ್ಪಿಸಿದಾಗ ಚಾಚಾ, "ಅಂವಾ ಹಂಗಽ ಅದಾನ, ಆದ್ರ ಕೆಲಸಾ ಚಲೋ ತಗೀತಾನ," ಅಂದರು.

ಮೂರು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ನಮ್ಮ ಸಾಲಿನ ಅಂಗಡಿಗಳೆಲ್ಲ ಹೋದವು. ನಾನು ಸಾಮಾನು ತಂದು ಮನೆಯ ಪಡಸಾಲೆಯಲ್ಲಿ ಹಾಕಿದೆ. ಮನೆಯಲ್ಲೇ ಕೆಲಸ ಅಂದರೆ ಎರಡು ಪಟ್ಟು ಕೆಲಸ ಆಗುತ್ತದೆ ಅಂತ ಎಣಿಸಿದ್ದೆ. ಮೊದಲ ವಾರ ಆದದ್ದು ನಿದ್ದೆ. ಹೊರಸು ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು, ತಪ್ಪು ಹೊರಸಿನದು. ಎದ್ದರೆ ಫೋನು, ಫೋನು ಇಟ್ಟರೆ ಚಹಾ. ಹೆಂಡತಿ ಮಹಾದೇವಿಗೂ ನಾನು ಕೆಲಸದಲ್ಲಿದ್ದೇನೆ ಅನ್ನಿಸುತ್ತಿರಲಿಲ್ಲ. ಹೆಂಗೂ ಮನ್ಯಾಗ ಅದೀರಿ ಅಂತ ಸಿಲಿಂಡರ್ ತರಿಸಿದಳು, ಜೋಳ ಬೀಸಿಸಿದಳು, ತನ್ನ ಚಿಕ್ಕಮ್ಮನನ್ನು ಬಸ್ಸಿಗೆ ಬಿಡಿಸಿದಳು.

ಕನ್ನೊಳ್ಳಿಯ ರೈತರೊಬ್ಬರ ಮೋಟಾರಿಗೆ ತಂತಿ ಸುತ್ತುತ್ತಿದ್ದಾಗ ಅವಳು ಅಡುಗೆಮನೆಯಿಂದ, ಬಂದವರಿಗೆ ಎಷ್ಟು ಕಪ್ ಚಹಾ ಇಡಲಿ ಅಂತ ಕೇಳಿದಳು. ನಾಲ್ಕು ಅಂದೆ. ಆಮೇಲೆ ಎಲ್ಲಿದ್ದೆನೋ ಯಾರಿಗೆ ಗೊತ್ತು. ಅಂದಾಜಿನಲ್ಲಿ ಮುಗಿಸಿ ಕೊಟ್ಟೆ. ಬೋರಿಗೆ ಇಳಿಸಿದ ದಿನವೇ ಮೋಟಾರು ಸುಟ್ಟು ಮತ್ತೆ ನನ್ನ ಪಡಸಾಲೆಗೆ ಬಂತು. ಇಷ್ಟು ವರ್ಷದಲ್ಲಿ ನನ್ನ ಕೈಯ ಮೋಟಾರು ಹೀಗೆ ತಿರುಗಿ ಬಂದದ್ದು ಅದೇ ಮೊದಲು.

ಆ ಹೊತ್ತಿಗೇ ಬಸವನ ಬಾಗೇವಾಡಿಯಿಂದ ಮಹಾದೇವಿಯ ಅಣ್ಣ ಗುರಪ್ಪ ಬಂದ. ಅವನಿಗೆ ಗುರುತಿನವರ ಸಕ್ಕರೆ ಫ್ಯಾಕ್ಟರಿಯ ಗೇಟಿನಲ್ಲಿ ಒಂದು ಕೆಲಸ ಖಾಲಿಯಿತ್ತು. ಟೊಪ್ಪಿಗೆ ಹಾಕಿಕೊಂಡು ಒಳಗೆ ಬರುವ ಕಾರುಗಳಿಗೆ ಸಲಾಮು ಹೊಡೆಯುವುದು. ಮನೆಯಲ್ಲಿ ಕೂತು ಕೆಲಸ ಮಾಡುವುದು ನಿನ್ನಿಂದ ಆಗುವುದಿಲ್ಲ, ಈ ತಿಂಗಳ ಕೊನೆಗೆ ಫಾರ್ಮು ತರುತ್ತೇನೆ, ಅಷ್ಟರೊಳಗೆ ಕನ್ನೊಳ್ಳಿಯ ಮೋಟಾರು ಓಡದಿದ್ದರೆ ಸಹಿ ಮಾಡು ಅಂದ. ಮಹಾದೇವಿ ಅಣ್ಣನಿಗೆ ಚಹಾ ಕೊಡುತ್ತ, ಟೊಪ್ಪಿಗೆ ಅವರೇ ಕೊಡುತ್ತಾರೇನು ಅಂತ ಕೇಳಿದಳು. ಅದೇ ನನಗೆ ಹೆಚ್ಚು ಚುಚ್ಚಿತು.

ಸಂಜೆ ಆರು ದಾಟುವುದನ್ನು ಕಾದು ಚಾಚಾರ ಮನೆಗೆ ಹೋದೆ. ಎಲ್ಲ ಕೇಳಿ ಅವರು ತಲೆ ಅಲ್ಲಾಡಿಸಿದರು.

"ನೀ ಮನ್ಯಾಗ ಕುಂತು ಕೆಲಸಾ ಮಾಡಾಕತ್ತಿ ಮಲ್ಲೂ, ಅದಽ ತಪ್ಪ. ಮದಲ ಮನಿ ಬಿಟ್ಟು ಹೋಗು. ಆಮ್ಯಾಲ ಕೆಲಸಕ್ಕ ಬಾ."

"ಚಾಚಾ, ನಮ್ಮ ಮನಿಗಿ ಇರೂದಽ ಒಂದು ಬಾಗಲಾ."

"ಹಂಗಿದ್ರ ಅದಽ ಬಾಗಲದಾಗ ಹೋಗು, ಅದಽ ಬಾಗಲದಾಗ ಬಾ. ಹೋಗಾಂವ ಬ್ಯಾರೆ, ಬರಾಂವ ಬ್ಯಾರೆ."

ಮರುದಿನ ಒಂಬತ್ತಕ್ಕೆ ಹೊರಟೆ. ಓಣಿಯಲ್ಲಿ ಸಿಕ್ಕವರೆಲ್ಲ ಎಲ್ಲಿಗೆ ಅಂದರು. ಕೆಲಸಕ್ಕೆ ಅಂದೆ. ಎಲ್ಲಿ ಕೆಲಸ ಅಂದರು. ಮನೆಯಲ್ಲಿ ಅಂದೆ. ಇದು ತಿಳಿಯಬೇಕಾದರೆ ಕೂತು ಮಾತಾಡಬೇಕು ಅಂತ ಚಹಾದಂಗಡಿಗೆ ಎಳೆದರು. ನನ್ನ ಮನೆಯಿಂದ ನನ್ನ ಮನೆಗೆ ತಲುಪಿದಾಗ ಹತ್ತೂವರೆ. ಸಂಜೆ ಚಾಚಾಗೆ ವರದಿ ಒಪ್ಪಿಸಿದೆ. ಅವರು ಸಿಟ್ಟಾಗದೆ, ಒಂದು ವಾರ ನನಗೆ ಮಧ್ಯಾಹ್ನದ ಚಹಾ ಬಂದ್ ಅಂದರು.

ಮಹಾದೇವಿ ಮೊದಮೊದಲು ನನಗೆ ತಲೆ ಕೆಟ್ಟಿದೆ ಅಂತಲೇ ತಿಳಿದಳು. ಒಲೆ ಅಲ್ಲೇ ಇರುವಾಗ ಡಬ್ಬಿ ಯಾಕೆ ಕಟ್ಟಬೇಕು ಅಂತ ತಕರಾರು ಮಾಡಿದಳು. ಆದರೆ ನಾಲ್ಕನೆಯ ದಿನಕ್ಕೆ ಅವಳಿಗೆ ಇದರ ಸುಖ ಹತ್ತಿತು. ಗಂಡ ಕೆಲಸಕ್ಕೆ ಹೋದರೆ ಅರ್ಧ ತಾಸಿಗೊಮ್ಮೆ ಚಹಾ ಕೇಳುವವರಿಲ್ಲ, ಟೀವಿಯ ಮುಂದೆ ಅಡ್ಡ ಬರುವವರಿಲ್ಲ. ಹಳೆಯ ಸೀರೆಯೊಂದನ್ನು ಪಡಸಾಲೆಗೆ ಅಡ್ಡ ಪರದೆ ಕಟ್ಟಿದಳು. ಒಂದು ದಿನ ಬಾಯಾರಿ ನಾನು ಪರದೆಯಿಂದ ತಲೆ ಹೊರಗೆ ಹಾಕಿದರೆ, ನನ್ನ ಮುಖವನ್ನೇ ನೋಡುತ್ತ, "ಯಾರ ಬೇಕಾಗಿತ್ರಿ?" ಅಂದಳು. ತಲೆ ಒಳಗೆ ಎಳೆದುಕೊಂಡೆ.

ತಿಂಗಳ ಕೊನೆಯ ದಿನ ಕನ್ನೊಳ್ಳಿ ಮೋಟಾರಿನ ಕಟ್ಟಕಡೆಯ ಸುತ್ತುಗಳು ನಡೆದಿದ್ದವು. ಹೊರಗೆ ಗುರಪ್ಪನ ಧ್ವನಿ ಕೇಳಿತು. ಫಾರ್ಮು ತಂದಿದ್ದೇನೆ ಅನ್ನುತ್ತಿದ್ದ. ನನ್ನ ಬಾಯಲ್ಲಿ ಮೂವತ್ತಾರು.

"ಅವರು ಕೆಲಸಕ್ಕ ಹೋಗ್ಯಾರಣ್ಣಾ," ಅಂದಳು ಮಹಾದೇವಿ.

"ಪರದೆ ಬುಡಕ ಅವನ ಕಾಲು ಕಾಣಾಕತ್ತಾವಲ್ಲ ತಂಗಿ?"

"ಕಾಣಲಿ ಬಿಡು. ಕೆಲಸದ ಮ್ಯಾಲೆ ಅದಾರ. ಸಂಜಿಕ ಮನಿಗಿ ಬರ್ತಾರ, ಕುಂದರು."

"ಎಷ್ಟು ತಾಸ ಕುಂದರ್ಲಿ?"

ನನ್ನ ಕೈ ತಂತಿಯ ಮೇಲೆ ನಿಂತಿತು. ಅವಳು ಬಾಯಿ ತೆಗೆದು, ಬರುತ್ತಿದ್ದ ಸಂಖ್ಯೆಯನ್ನು ನುಂಗಿದ್ದು ನನಗೆ ಪರದೆಯ ಒಳಗೂ ಗೊತ್ತಾಯಿತು.

"ಭಾಳ," ಅಂದಳು.

ಮೂವತ್ತೇಳು, ಮೂವತ್ತೆಂಟು. ನಲವತ್ತೆಂಟಕ್ಕೆ ಗಂಟು ಹಾಕಿದಾಗ ನನಗೆ ಎಣಿಕೆಯ ಬಗ್ಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಮೋಟಾರು ಜೋಡಿಸಿ ಮುಗಿಸಿದಾಗ ಸರಿಯಾಗಿ ಆರು. ಕೈ ಒರೆಸಿಕೊಂಡು ಪರದೆ ಸರಿಸಿ, ಕಟ್ಟೆಯ ಮೇಲಿದ್ದ ಗುರಪ್ಪನನ್ನು ದಾಟಿ, ಒಂದು ಮಾತೂ ಆಡದೆ ಓಣಿ ಸುತ್ತಿ ಬಂದೆ. ಬಂದವನು, "ಏನ ಗುರಪ್ಪಣ್ಣ, ಯಾವಾಗ ಬಂದಿ?" ಅಂದೆ. ಅವನು ಮೊದಲು ಮೋಟಾರು ಓಡಲಿ ಅಂತ ಫಾರ್ಮು ಮಡಿಚಿ ಕಿಸೆಗೆ ಇಟ್ಟುಕೊಂಡ.

ಮರುದಿನ ಅವನನ್ನೂ ಕರೆದುಕೊಂಡು ಕನ್ನೊಳ್ಳಿಗೆ ಹೋಗಿ ಮೋಟಾರು ಇಳಿಸಿದೆವು. ಗುರಪ್ಪ ಪೈಪಿನ ಎದುರಿಗೇ ನಿಂತಿದ್ದ. ನೀರು ಬಂದ ಹೊಡೆತಕ್ಕೆ ಅವನ ಬಿಳಿ ಧೋತರ ನೆನೆಯಿತು, ಕಿಸೆಯಲ್ಲಿದ್ದ ಫಾರ್ಮೂ ನೆನೆಯಿತು. ಅವನು ಅದನ್ನು ಹಿಂಡಿ ಕಬ್ಬಿನ ಸಾಲಿಗೆ ಎಸೆದು, ಫ್ಯಾಕ್ಟರಿಯಲ್ಲೂ ಇಷ್ಟು ಕಟ್ಟುನಿಟ್ಟು ಇಲ್ಲ ಮಾರಾಯ ಅಂದ.

ಅಲ್ಲಿಂದ ಸೀದಾ ಚಾಚಾಗೆ ಸುದ್ದಿ ಹೇಳಲು ಹೋದೆ. ಮಧ್ಯಾಹ್ನವಾಗಿತ್ತು, ಹಾಗಾಗಿ ಹಿತ್ತಲ ಬಾಗಿಲಿಗೇ ಹೋದೆ. ಬೀಗ ಹಾಕಿತ್ತು. ವಾರದ ದಿನ ಆ ಬೀಗ ನಾನು ನೋಡಿದವನಲ್ಲ. ಓಣಿ ಸುತ್ತಿ ಮುಂಬಾಗಿಲಿಗೆ ಬಂದೆ. ಅದು ತೆರೆದಿತ್ತು, ಒಳಗೆ ಅಡುಗೆಮನೆಗೂ ತಗಡಿನ ಕೋಣೆಗೂ ನಡುವಿನ ಬಾಗಿಲೂ ಪೂರ್ತಿ ತೆರೆದಿತ್ತು. ಚಾಚಾ ಬನಿಯನ್ನಿನಲ್ಲಿ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದರು.

"ಇನ್ನ ಎಷ್ಟ ಹಾಕ್ಲಿ?" ಅಂದರು ಚಾಚಿ.

"ಎರಡು," ಅಂದರು ಚಾಚಾ.

ಹಾಡಹಗಲು ಆ ಮನೆಯಲ್ಲಿ ಸಂಖ್ಯೆ ಕೇಳಿ ನಾನು ಹೆದರಿ ತಗಡಿನ ಕೋಣೆಯ ಕಡೆ ನೋಡಿದೆ. ಚಾಚಾ ನನ್ನ ಮುಖ ನೋಡಿ, ಕೈ ಚಾಚಿ ತೋರಿಸಿದರು. ಬೆರಳು ನಡುಗುತ್ತಿದ್ದವು. ಬಹಳ ದಿನದಿಂದ ಹೀಗೇ ಇತ್ತಂತೆ, ತಂತಿ ಹಿಡಿಸಗೊಡುತ್ತಿರಲಿಲ್ಲವಂತೆ.

"ರಜಾ ಬರದಿದ್ದೆ. ಮಂಜೂರ ಆತು."

"ಎಷ್ಟ ದಿನಾ ಚಾಚಾ?"

"ಅದನ್ನ ಮಾಲಕ ಬರದಿಲ್ಲ." ಆಮೇಲೆ ಕೇಳಿದರು, "ಕನ್ನೊಳ್ಳಿದು ಎಷ್ಟ ಸುತ್ತಿದಿ?"

"ನಲವತ್ತೆಂಟು."

"ಎಣಿಸಿದ್ದೋ, ಅಂದಾಜೋ?"

"ಎಣಿಸಿದ್ದು ಚಾಚಾ. ಮಹಾದೇವಿ ಬಾಗಲಾ ಕಾದಳು."

"ಹಂಗಿದ್ರ ಕುಂದರು, ಬಿಸಿ ರೊಟ್ಟಿ ತಿನ್ನು."

ಗೋಡೆಯ ಗಡಿಯಾರ ನೋಡಿದೆ. ಒಂದೂವರೆ. ನಾನು ಕೆಲಸದ ಮೇಲಿದ್ದೇನೆ, ರವಿವಾರ ಬರುತ್ತೇನೆ ಅಂದೆ. ಚಾಚಾಗೆ ಎಷ್ಟು ಖುಷಿಯಾಯಿತೆಂದರೆ, "ನೋಡಿದ್ಯಾ?" ಅಂತ ಚಾಚಿಯ ಕಡೆ ತಿರುಗಿ ಮಕ್ಕಳ ಹಾಗೆ ನಕ್ಕರು. ನಾನೂ ಹೆಮ್ಮೆಯಿಂದ ಹೊರಬಿದ್ದೆ. ಆ ರವಿವಾರ ಬರುವ ಮೊದಲೇ ಚಾಚಾ ಹೋಗಿಬಿಟ್ಟರು. ಜೀವನದಲ್ಲಿ ನಾನು ಕೆಲಸದ ವೇಳೆ ಮುರಿಯಬೇಕಾಗಿದ್ದದ್ದು ಆ ಒಂದು ಸಲ ಮಾತ್ರ. ಅಂದೇ ಮುರಿಯಲಿಲ್ಲ.

ಮೊನ್ನೆ ತಂತಿ ತರಲು ಆ ಹಿಂದಿನ ಓಣಿಯಲ್ಲಿ ಹಾದುಹೋಗುವಾಗ ನಾಗವ್ವ ಎದುರಾದಳು. ತಗಡಿನ ಗೋಡೆಯ ಪಕ್ಕ ಬದನಿಕಾಯಿ, ಹೀರಿಕಾಯಿ ಅಂತ ಹೆಸರಷ್ಟೇ ಕೂಗುತ್ತ ಬರುತ್ತಿದ್ದಳು. ಓಣಿಗೆ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು ಮಾಳಿಗೆಯಿಂದ ಬಗ್ಗಿ, ಬದನೆ ಹೆಂಗ ಅಂತ ಕೇಳಿದಳು. ನಾಗವ್ವ ಒಮ್ಮೆ ಆ ಬೀಗದ ಕಡೆ ನೋಡಿ, ದನಿ ಇಳಿಸಿದಳು.

"ಬೇವಿನ ಗಿಡದ ಮಟಾ ಬಾರವ್ವಾ, ಹೇಳತೇನಿ."