ಗೇಣುದ್ದದ ಬೆಲ್ಟು

ಡ್ರೈವಿಂಗ್ ಕಲಿಸುವ ಆ ಹೆಂಗಸನ್ನು ಎಲ್ಲರೂ ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿ ತನಗೆಂದೇ ಹಾಕಿಸಿದ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಎಂಥೆಂಥ ಪುಕ್ಕಲರನ್ನೋ ಆಕೆ ಧೈರ್ಯವಾಗಿ ರಸ್ತೆಗಿಳಿಸಿದ್ದಳು. ಆಳು ದಪ್ಪ. ದಪ್ಪ ಅಂದರೆ ಹಾಗೆ ಹೀಗೆ ದಪ್ಪವಲ್ಲ. "ನಾನು ಹತ್ತಿದ್ರೆ ಕಾರು ಒಂದು ಕಡೆ ಬಗ್ಗಿ ನಮಸ್ಕಾರ ಮಾಡುತ್ತೆ" ಎಂದು ಬೇರೆಯವರು ಆಡಿಕೊಳ್ಳುವ ಮೊದಲೇ ತಾನೇ ಹೇಳಿ, ಎದುರಿನವರ ಬಾಯಿ ಕಟ್ಟಿಬಿಡುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಅವಳಿಗೆ ನಗು ಬರುತ್ತಿರಲಿಲ್ಲ. ಸೀಟ್ ಬೆಲ್ಟು ಅವಳ ಮೈ ಸುತ್ತಿ ಲಾಕಿನ ತನಕ ಬರುತ್ತಿರಲಿಲ್ಲ. ಕಲಿಯಲು ಬಂದವರನ್ನು "ಮೊದಲು ಬೆಲ್ಟು, ಆಮೇಲೆ ಕೀ" ಎಂದು ಗದರಿಸುವವಳು ತಾನು ಮಾತ್ರ ಬೆಲ್ಟಿನ ತುದಿಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಕಿಟಕಿಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದಳು. ಬೆಲ್ಟು ಹಾಕಿಲ್ಲವೆಂದು ಕಾರು ಕುಂಯ್ ಕುಂಯ್ ಎಂದು ಅಳುತ್ತಿತ್ತು. ಅದರ ಬಾಯಿ ಮುಚ್ಚಿಸಲು ಅವಳ ತಮ್ಮ ಒಮ್ಮೆ ಅಂಗಡಿಯಿಂದ ಬೆಲ್ಟಿಲ್ಲದ, ಲಾಕಿಗೆ ಸಿಕ್ಕಿಸುವ ಬರೀ ನಾಲಿಗೆ ತಂದುಕೊಟ್ಟ. ಅವಳು ಅದನ್ನು ಅವನ ಮೇಲೆಯೇ ಎಸೆದಳು. "ಕಾರಿಗೆ ಸುಳ್ಳು ಹೇಳಿ ಏನು ಕಡಿದು ಗುಡ್ಡೆ ಹಾಕಬೇಕು?"

ತಮ್ಮನಿಗೆ ಕಾರಿನ ಸೀಟು ಹೊಲಿಯುವ ಕೆಲಸ. ಕೆಳಗೆ ಅಂಗಡಿ, ಮೇಲೆ ಅಕ್ಕ ತಮ್ಮ ಇಬ್ಬರ ಮನೆ. ಅಪ್ಪ ಅಮ್ಮ ಬೇಗ ತೀರಿಕೊಂಡ ಮೇಲೆ ಅವನನ್ನು ಬೆಳೆಸಿದವಳು, ಮೂಗು ಒರೆಸಿದವಳು, ಮಿಷನ್ನಿನ ಮುಂದೆ ಕೂರಿಸಿದವಳು ಅವಳೇ. ಅಕ್ಕನ ಮುಖ ಸಪ್ಪಗಾದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಅದಕ್ಕೇ ಗುಜರಿ ಕಾರಿನಿಂದ ಬೆಲ್ಟು ಕಿತ್ತು ತಂದು, ಗೇಣುದ್ದ ಕತ್ತರಿಸಿ, ಒಂದು ತುದಿಗೆ ನಾಲಿಗೆ, ಇನ್ನೊಂದು ತುದಿಗೆ ಲಾಕು ಸೇರಿಸಿ ಗಟ್ಟಿ ದಾರದಲ್ಲಿ ಹೊಲಿದ. ಕಾರಿನ ಲಾಕಿಗೆ ಇದನ್ನು ಸಿಕ್ಕಿಸಿ, ಇದರ ಲಾಕಿಗೆ ಬೆಲ್ಟು ಸಿಕ್ಕಿಸಿದರೆ ಅಕ್ಕನಿಗೆ ಸರಿಯಾಗಿ ಸಾಲುತ್ತಿತ್ತು.

ಗಾಡಿ ತಪಾಸಣೆಗೆ ಹೋದಾಗ ಇನ್ಸ್‌ಪೆಕ್ಟರ್ ಅದನ್ನು ಎಳೆದು ನೋಡಿದರು. "ಇದನ್ನ ಯಾರಮ್ಮ ಹೊಲಿದಿದ್ದು?"

"ನನ್ನ ತಮ್ಮ. ಲಾರಿ ಕಟ್ಟಿ ಎಳೆದ್ರೂ ಕಿತ್ತು ಬರಲ್ಲ."

"ಎಳೆಯೋದು ಬೇರೆ, ಡಿಕ್ಕಿ ಹೊಡೆಯೋದು ಬೇರೆ. ಅಂಗಡೀಲಿ ಹೊಲಿದದ್ದನ್ನ ನಾನು ಪಾಸ್ ಮಾಡಲ್ಲ. ಇದೇ ಕಾರಿಗೆ ಅಂತ ಕಂಪನಿಯವರು ಮಾಡಿದ್ದು ಸಿಗುತ್ತೆ, ಅದನ್ನ ತರಿಸ್ಕೊಳ್ಳಿ." ಆಮೇಲೆ ಅವರು ತಮ್ಮನ ಕಡೆ ತಿರುಗಿದರು. "ಬೆಲ್ಟು ಸಾಲದವರಿಗೆ ಮಾತ್ರ ಕಣಪ್ಪ ಇದು. ಲಾಕು ಸೊಂಟದ ಪಕ್ಕದಲ್ಲಿರಬೇಕು. ಬೇಡದವರು ಹಾಕ್ಕೊಂಡ್ರೆ ಬೆಲ್ಟು ಸಡಿಲ ಆಗಿ, ಲಾಕು ಹೊಟ್ಟೆ ಮೇಲೆ ಬಂದು ಕೂರುತ್ತೆ. ಜೋರಾಗಿ ಬ್ರೇಕ್ ಬಿದ್ರೆ ಅದೇ ಗುದ್ದುತ್ತೆ."

ತಮ್ಮನ ಮುಖ ಹುಳ್ಳಗಾಯಿತು. ಆದರೂ ಮನೆಗೆ ಬಂದು ತಾನು ಹೊಲಿದದ್ದನ್ನು ತಾನೇ ಕತ್ತರಿಸಿ ಹಾಕಿದ. ಕಂಪನಿಯದು ಬಂತು, ಇನ್ಸ್‌ಪೆಕ್ಟರ್ ಒಪ್ಪಿದರು. ಬ್ರೇಕಕ್ಕ ಆ ದಿನ ನಾಲ್ಕು ಬೀದಿಗೆ ಕೇಳುವ ಹಾಗೆ ಹಾರನ್ ಹೊಡೆಸಿಕೊಂಡು ಮನೆಗೆ ಬಂದಳು. ಅವಳು ಹಾಗೆ ಸಂಭ್ರಮಪಟ್ಟದ್ದು ಅದೇ ಕೊನೆ.

ಹೊಟ್ಟೆನೋವು ಶುರುವಾಯಿತು. ಡಾಕ್ಟರು ಅವಳನ್ನು ಹೊರಗೆ ಕೂರಿಸಿ ತಮ್ಮನನ್ನು ಒಳಗೆ ಕರೆದರು. ಇದು ವಾಸಿಯಾಗುವ ಕಾಯಿಲೆಯಲ್ಲ, ನೋವು ಕಡಿಮೆ ಮಾಡಬಹುದು ಅಷ್ಟೇ ಎಂದರು. ಅವನು ಹೊರಗೆ ಬಂದ. ಅಕ್ಕ ತಲೆಯೆತ್ತಿ ನೋಡಿದಳು.

"ಹುಣ್ಣಂತೆ ಅಕ್ಕ. ಔಷಧಿ ತಗೊಂಡ್ರೆ ಹೋಗುತ್ತಂತೆ."

"ನಿನ್ನ ಕೈ ಅಡುಗೆ ತಿಂದು ಹುಣ್ಣಾಗದೆ ಇನ್ನೇನಾಗುತ್ತೆ" ಎಂದು ಅವಳು ಎದ್ದಳು. "ನಡಿ, ಕ್ಲಾಸಿದೆ."

ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ ಅವಳು ಇಳಿಯತೊಡಗಿದಳು. ತಮ್ಮನಿಗೆ ಒಂದೇ ಹಠ: ಅಕ್ಕನಿಗೆ ಗೊತ್ತಾಗಬಾರದು. ಗೊತ್ತಾದರೆ ಎದೆಯೊಡೆದು ಅಂದೇ ಹೋಗಿಬಿಡುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ. ಒಗೆದು ಒಣಗಿದ ಅವಳ ಬಟ್ಟೆಗಳನ್ನು ಕದ್ದು ಅಂಗಡಿಗೆ ತಂದು, ಎರಡೂ ಪಕ್ಕ ಒಳಕ್ಕೆ ಹಿಡಿದು ಹೊಲಿದು, ಏನೂ ಮಾಡದವನಂತೆ ಮಡಚಿಟ್ಟ. ಮನೆಯ ಕನ್ನಡಿ ಒಡೆಯಿತೆಂದು ಸುಳ್ಳು ಹೇಳಿ ಅಟ್ಟಕ್ಕೆ ಹಾಕಿದ. ಆದರೆ ಅವಳು ದಿನವಿಡೀ ಕೂರುವುದು ಕಾರಿನಲ್ಲಿ. ಮೊದಲು ಮೈ ತುಂಬ ಅಪ್ಪಿಕೊಳ್ಳುತ್ತಿದ್ದ ಸೀಟಿನಲ್ಲಿ ಈಗ ಆಚೀಚೆ ಜಾಗ ಮಿಗುತ್ತಿತ್ತು. ಸೀಟು ಹೊಲಿಯುವವನಿಗೆ ಇನ್ನೇನು ಹೊಳೆಯಬೇಕು? ಹೊಸ ಕವರು ಹಾಕುತ್ತೇನೆಂದು ಬಿಚ್ಚಿದ, ಪಕ್ಕಕ್ಕೆ, ಬೆನ್ನಿಗೆ, ಕೂರುವ ಜಾಗಕ್ಕೆ ಸ್ಪಂಜು ತುಂಬಿದ. ಅವಳು ಇಳಿದಷ್ಟೂ ಸೀಟು ಉಬ್ಬಿತು.

ಉಳಿದದ್ದು ಕಂಪನಿಯಿಂದ ತರಿಸಿದ ಆ ಗೇಣುದ್ದದ ತುಂಡು. ಅದೀಗ ಬೇಕಿರಲಿಲ್ಲ. ಇನ್ಸ್‌ಪೆಕ್ಟರ್ ಹೇಳಿದ ಮಾತು ತಮ್ಮನಿಗೆ ದಿನಾ ಬೆಳಗ್ಗೆ ನೆನಪಾಗುತ್ತಿತ್ತು. ಲಾಕು ಹೊಟ್ಟೆಯ ನಡುವೆಯೇ ಬಂದು ಕೂರುವುದು ಅವನ ಕಣ್ಣಿಗೆ ಬೀಳುತ್ತಿತ್ತು. "ಅಕ್ಕ, ಅದನ್ನ ತೆಗಿ" ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆದರೆ ಯಾಕೆ ತೆಗೀಬೇಕು ಎಂದು ಅವಳು ಕೇಳಿದರೆ? ಪಾಪಿ, ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತಿದ್ದ. ಅವಳೂ ತೆಗೆಯಲಿಲ್ಲ. ಪ್ರತಿ ದಿನ ಅವನ ಎದುರಿಗೇ ಟಕ್ಕೆಂದು ಸಿಕ್ಕಿಸಿಕೊಂಡು, "ಬರ್ತೀನೋ" ಎಂದು ಹೋಗುತ್ತಿದ್ದಳು.

ಆ ದಿನ ಕಲಿಯುತ್ತಿದ್ದವರು ನಿವೃತ್ತರಾದ ಮೇಷ್ಟ್ರೊಬ್ಬರು. ನಾಯಿಯೊಂದು ಅಡ್ಡ ಬಂತು. ಮೇಷ್ಟ್ರು ಹೆದರಿ ಎರಡೂ ಕಾಲನ್ನು ಬ್ರೇಕಿನ ಮೇಲೆ ಹಾಕಿದರು. ನಾಯಿಗೆ ಏನೂ ಆಗಲಿಲ್ಲ, ಮೇಷ್ಟ್ರಿಗೂ ಏನೂ ಆಗಲಿಲ್ಲ. ಬ್ರೇಕಕ್ಕ ಮಾತ್ರ ಉಬ್ಬಿದ ಸೀಟಿನಿಂದ ಮುಂದಕ್ಕೆ ಜಾರಿದಳು. ಸಡಿಲವಾಗಿದ್ದ ಬೆಲ್ಟು ತಡವಾಗಿ ಹಿಡಿಯಿತು, ಲಾಕು ನೇರ ಹೊಟ್ಟೆಗೆ ಗುದ್ದಿತು.

ಆಸ್ಪತ್ರೆಯಲ್ಲಿ ಡಾಕ್ಟರು, "ಕಾಯಿಲೆ ಇರೋ ಜಾಗಕ್ಕೇ ಪೆಟ್ಟು ಬಿದ್ದಿದೆ" ಎಂದರು. ಇನ್ನು ಕೆಲಸದ ಮಾತಿಲ್ಲ, ಮನೆಯಲ್ಲೇ ಇರಲಿ ಎಂದರು. ಇದ್ದಷ್ಟು ದಿನ ಕಾರಿನಲ್ಲಿ ಕೂತು ಕಲಿಸಬೇಕೆಂಬುದು ಅವಳ ಒಂದೇ ಆಸೆಯಾಗಿತ್ತು. ಅದನ್ನು ಕಸಿದುಕೊಂಡದ್ದು ಕಾಯಿಲೆಯಲ್ಲ, ತಾನು ಎಂದು ತಮ್ಮ ಗೋಡೆಗೆ ಹಣೆ ಚಚ್ಚಿಕೊಂಡ.

ಮನೆಗೆ ಕಳಿಸುವ ದಿನ ಅವನು ಕಾರನ್ನು ಬಾಗಿಲ ಹತ್ತಿರ ತಂದು ನಿಲ್ಲಿಸಿದ. ಅಕ್ಕ ಗಾಲಿಕುರ್ಚಿಯಲ್ಲಿ ಕೂತೇ ಹೇಳಿದಳು.

"ಮೊದಲು ಆ ಸ್ಪಂಜು ತೆಗಿ."

ಅವನು ಕಾರಿನಲ್ಲಿದ್ದ ಕತ್ತರಿಯಿಂದ ತಾನು ಹಾಕಿದ ಹೊಲಿಗೆಗಳನ್ನು ತಾನೇ ಬಿಚ್ಚಿದ. ಆಸ್ಪತ್ರೆಯ ಅಂಗಳದಲ್ಲಿ ಸ್ಪಂಜಿನ ರಾಶಿ ಬಿತ್ತು. ಅವಳನ್ನು ಎತ್ತಿ ಕೂರಿಸಿದ. ಮಗುವಿನಷ್ಟು ಹಗುರವಾಗಿದ್ದಳು. ಗೇಣುದ್ದದ ತುಂಡನ್ನು ಕಳಚಿ, ಬೆಲ್ಟನ್ನು ಕಾರಿನ ಲಾಕಿಗೇ ನೇರ ಸಿಕ್ಕಿಸಿ, ಪೆಟ್ಟಾದ ಜಾಗಕ್ಕೆ ತಾಗದಂತೆ ಹೊಟ್ಟೆಯಿಂದ ಕೆಳಗೆ, ಸೊಂಟದ ಮೂಳೆಯ ಮೇಲೆ ಕೂರಿಸಿದ. ಬೆಲ್ಟು ಇನ್ನೂ ಎಷ್ಟೋ ಮಿಕ್ಕಿ ಒಳಕ್ಕೆ ಸರಿದುಹೋಯಿತು.

"ನಿನಗೆ ಗೊತ್ತಿತ್ತಾ ಅಕ್ಕ?"

"ನನ್ನ ಮೈ ಕಣೋ. ಬಟ್ಟೆ ಹಿಡಿದು ಹೊಲಿದದ್ದೂ ಗೊತ್ತು, ಕನ್ನಡಿ ಅಟ್ಟದ ಮೇಲಿರೋದೂ ಗೊತ್ತು."

"ಮತ್ಯಾಕೆ ಅದನ್ನ ತೆಗೀಲಿಲ್ಲ? ಊರಿಗೆಲ್ಲ ಬುದ್ಧಿ ಹೇಳೋಳು ನೀನು."

"ತೆಗೆದ್ರೆ ನಿನಗೆ ಗೊತ್ತಾಗ್ತಿತ್ತಲ್ಲ, ನನಗೆ ಗೊತ್ತಾಗಿದೆ ಅಂತ. ನಿನ್ನ ಮುಖ ನೋಡೋಕೆ ಆಗ್ತಿರ್ಲಿಲ್ಲ." ಅವಳು ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡಳು. "ಈಗ ಬಾಯಿಬಿಟ್ಟು ಹೇಳು. ಆವತ್ತು ಒಳಗೆ ಕರೆದು ಏನಂದ್ರು?"

ಅವನು ಅಳುತ್ತಲೇ ಎಲ್ಲವನ್ನೂ ಹೇಳಿದ. ಒಂದು ಮಾತನ್ನೂ ಬಿಡಲಿಲ್ಲ. ಅವಳು ತಲೆಯಾಡಿಸುತ್ತ ಕೇಳಿದಳು.

"ಸದ್ಯ" ಎಂದಳು. "ಇಷ್ಟು ದಿನ ಇದನ್ನ ನಾನೊಬ್ಬಳೇ ಇಟ್ಕೊಂಡು ಸಾಕಾಗಿತ್ತು."

ಮನೆ ಮುಟ್ಟುವ ತನಕ ಅವಳು ಮಾತಾಡುತ್ತಲೇ ಇದ್ದಳು. ನೋವು ಎಲ್ಲಿಂದ ಏಳುತ್ತದೆ, ಎಲ್ಲಿಗೆ ಹೋಗುತ್ತದೆ, ಒಬ್ಬಳೇ ಮಲಗಿದಾಗ ಎಷ್ಟು ಭಯವಾಗುತ್ತದೆ ಎಂದೆಲ್ಲ ಹೇಳಿದಳು. ಅಕ್ಕನಿಗೂ ಭಯವಾಗುತ್ತದೆ ಎನ್ನುವುದು ತಮ್ಮನಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.