ಬಾಗಿಲ ಮೇಲಿನ ಲಾಂಛನ

ವಿಶ್ವವಿದ್ಯಾಲಯದ ಪ್ರಚಾರ ವಿಭಾಗದಲ್ಲಿ ನನ್ನದು ಗುತ್ತಿಗೆ ನೌಕರಿ. ಲಾಂಛನವನ್ನು ಯಾರು ಎಲ್ಲಿ ತಪ್ಪಾಗಿ ಬಳಸಿದ್ದಾರೆಂದು ಹುಡುಕಿ ನೋಟಿಸು ಕಳಿಸುವುದು ಕೆಲಸ. ಬಣ್ಣ ಬದಲಿಸಬಾರದು, ಸುತ್ತ ಖಾಲಿ ಜಾಗ ಬಿಡಬೇಕು, ಖಾಸಗಿ ಕಟ್ಟಡಕ್ಕಂತೂ ಹಾಕಲೇಬಾರದು. ಸೇಡಂನ ಟ್ಯೂಷನ್ ಕ್ಲಾಸು, ಚಿಂಚೋಳಿಯ ಝೆರಾಕ್ಸ್ ಅಂಗಡಿ, ಯಾರನ್ನೂ ಬಿಟ್ಟವಳಲ್ಲ. ಮುದ್ರೆಗೆ ನಮ್ಮ ಕಡೆ ಸಿಕ್ಕಾ ಅನ್ನುತ್ತಾರೆ. ಹಾಗಾಗಿ ಬೆನ್ನ ಹಿಂದೆ ನಾನು ‘ಸಿಕ್ಕಾ ಮೇಡಂ’.

ಶಹಾಬಾದಿನಲ್ಲಿ ಅಪ್ಪ ಹೊಸ ಮನೆ ಕಟ್ಟಿಸಿದ. ಜೀವನವಿಡೀ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕಡಿದವನು. ಗೃಹಪ್ರವೇಶದ ಮುಂಜಾನೆ ಬಸ್ಸಿಳಿದು ಹೋಗಿ ಬಾಗಿಲು ನೋಡಿದರೆ, ಅಯ್ಯೋ ಶಿವನೇ! ಮಂದಿ ‘ಗುರುಕೃಪೆ’ ಎಂದು ಕೆತ್ತಿಸುವ ಜಾಗದಲ್ಲಿ ನಮ್ಮ ಲಾಂಛನ. ನೀಲಿ ಹೋಗಿ ಕೆಂಪು, ಹಳದಿ. ಮೇಲೆ ವಿಭೂತಿಯ ಮೂರು ಪಟ್ಟಿ, ಕುಂಕುಮ. ಬಂದ ನೆಂಟರೆಲ್ಲ ಚಪ್ಪಲಿ ಬಿಟ್ಟು ಅದಕ್ಕೆ ಕೈಮುಗಿದು ಒಳಗೆ ಹೋಗುತ್ತಿದ್ದಾರೆ.

ನಗುವೂ ಬಂತು, ಸಿಟ್ಟೂ ಬಂತು. ಮಧ್ಯಾಹ್ನ ಊಟಕ್ಕೆ ನಮ್ಮ ಸಾಹೇಬರು ಬರುವವರಿದ್ದರು. ನನ್ನ ಗುತ್ತಿಗೆ ಮುಂದುವರಿಯಬೇಕಾದರೆ ಅವರೇ ಮನಸ್ಸು ಮಾಡಬೇಕು.

“ಅಪ್ಪಾ, ಏನಿದು? ಇದನ್ನ ಮನಿ ಮ್ಯಾಲ ಹಾಕಂಗಿಲ್ಲ.”

“ಯಾಕವಾ? ನಿಮ್ಮವರು ಚಹಾದ ಕಪ್ಪಿನ ಮ್ಯಾಲೂ ಹಾಕ್ಯಾರ. ಕುಡದು ಒಗೀತಾರ. ನಾ ತಲಿ ಮ್ಯಾಲ ಇಟ್ಟೀನಿ. ತಪ್ಪು ಯಾರದು, ಹೇಳು.”

ನಿಯಮದ ಪ್ರಕಾರ ಕಪ್ಪಿಗೆ ಅಡ್ಡಿಯಿಲ್ಲ, ಕುಂಕುಮಕ್ಕೆ ಅಡ್ಡಿ. ಕೈಮುಗಿಯುವವರ ಬಗ್ಗೆ ಒಂದು ಸಾಲೂ ಇಲ್ಲ. ಬಾಯಿಗಿಟ್ಟ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಮಾವಿನ ತೋರಣ ಕೆಳಗಿಳಿಸಿ ಅದನ್ನು ಮುಚ್ಚಿದೆ. ಅಪ್ಪ ನೋಡುತ್ತ ನಿಂತಿದ್ದ.

ಸಾಹೇಬರು ಬಂದರು, ಹೋಳಿಗೆ ಉಂಡರು, “ಮನಿ ಭಾಳ ಚಂದ ಅದ” ಎಂದು ಹೋದರು. ತಲೆ ಎತ್ತಿ ನೋಡಲೂ ಇಲ್ಲ. ಬದುಕಿದೆಯಾ ಬಡಜೀವವೇ ಅಂದುಕೊಂಡು ತೋರಣ ಸರಿಸಲು ಹೋದೆ. ಅಪ್ಪ ಬೇಡವೆಂದ.

“ಇರ್ಲಿ ಬಿಡವಾ. ಸಾಹೇಬರ ಮುಂದ ನಿನಗ ನಾಚಿಕಿ ಆತು. ನಾಳಿ ಕಡದು ತೆಗೀತೀನಿ.”

“ಏನ್ ಅನ್ಲಿಕತ್ತೀ ಅಪ್ಪಾ? ನಾಚಿಕಿ ಅಲ್ಲ, ನೌಕರಿ ಹೋಗ್ತದಂತ ಅಂಜಿಕಿ!” ಎಂದೆ. ಅವನು ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ. “ಅಷ್ಟು ಹೆಮ್ಮಿ ಇದ್ರ ನನ್ನ ಹೆಸರೇ ಕೆತ್ತಬೇಕಿತ್ತಲ್ಲ? ಅದಕ್ಕ ಯಾರೂ ಏನೂ ಅಂತಿರಲಿಲ್ಲ.”

“ಹೆಸರು ಕೆತ್ತಿದ್ರ ನನಗ ಓದಾಕ ಬರಂಗಿಲ್ಲವಾ,” ಎಂದ ಅಪ್ಪ. “ಇದು ನಿನ್ನ ಕೊರಳಾಗಿನ ಕಾರ್ಡಿನ್ಯಾಗ ನೀ ಬಂದಾಗೆಲ್ಲ ನೋಡೀನಿ. ಇದನ್ನ ನೋಡಿದ್ರ ನೀ ಕಾಣಸ್ತಿ.”

ತೋರಣ ಕಿತ್ತು ತೆಗೆದೆ. ನಾಳೆ ಯಾರಾದರೂ ಫೋಟೊ ತೆಗೆದು ಆಫೀಸಿಗೆ ಕಳಿಸಿದರೆ, ಅಪ್ಪನಿಗೆ ನೋಟಿಸು ಬರೆಯಬೇಕಾದವಳು ನಾನೇ.